‘ಶಾಶ್ವತ ನೀರಾವರಿ’ ಬಂದಿದೆಯೋ ಇಲ್ಲವೋ: ಪದದ ಅರ್ಥವೇ ಬೇರೆಯಾದಾಗ ಚರ್ಚೆ ನಡೆಸುವುದು ಹೇಗೆ?

ಕೋಡಿಕಲ್ಲು, ಕೋಲಾರ ತಾಲ್ಲೂಕು (ಪ್ರಶ್ನೆ)

ಕಳೆದ ವಾರ ನಮ್ಮೂರ ಹಾಲಿನ ಡೇರಿಯ ಮುಂದೆ, ಸಂಜೆಯ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ನಿಂತಿದ್ದವರ ನಡುವೆ, ನಮ್ಮ ಚಿಕ್ಕಪ್ಪನಿಗೂ ಪಕ್ಕದ ಹೊಲದ ಹಿರಿಯರೊಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೋಲಾರ ಜಿಲ್ಲೆಗೆ ಶಾಶ್ವತ ನೀರಾವರಿ ಬಂದಿದೆಯೋ ಇಲ್ಲವೋ ಎಂಬುದು ವಿಷಯ. ಬಂದಾಗಿದೆ ಎಂದು ಚಿಕ್ಕಪ್ಪ. ಬಂದಿಲ್ಲ, ಬರುವ ಲಕ್ಷಣವೂ ಇಲ್ಲ ಎಂದು ಆ ಹಿರಿಯರು. ಇಬ್ಬರೂ ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವವರೆಂದು ಊರಿಗೇ ಗೊತ್ತಿರುವುದರಿಂದ ಸುತ್ತ ನಿಂತವರು ಇದನ್ನು ಪಕ್ಷದ ಜಗಳವೆಂದೇ ಎಣಿಸಿ ನಗುತ್ತಿದ್ದರು.

ನಾನು ಸ್ವಲ್ಪ ಗಮನವಿಟ್ಟು ಕೇಳಿದೆ. ನನಗೆ ಸೋಜಿಗವೆನಿಸಿದ್ದು ಏನೆಂದರೆ, ನಡೆದ ಸಂಗತಿಗಳ ವಿಚಾರದಲ್ಲಿ ಅವರಿಬ್ಬರ ನಡುವೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿರಲಿಲ್ಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು, ನಮ್ಮ ಕೆರೆಯೂ ತುಂಬಿ ಕೋಡಿ ಹರಿದಿದೆ, ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ಕೆಲವು ಮತ್ತೆ ಜೀವ ಪಡೆದಿವೆ, ಆದರೆ ತೂಬು ತೆಗೆದು ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಗದ್ದೆಗಳಿಗೆ, ನೀರು ಬಿಡುವಂತಿಲ್ಲ, ಮೋಟಾರು ಇಟ್ಟು ಕೆರೆಯಿಂದ ನೇರವಾಗಿ ಎತ್ತುವಂತೆಯೂ ಇಲ್ಲ ಎಂಬುದರಲ್ಲಿಯೂ ತಕರಾರಿಲ್ಲ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಒಬ್ಬರು ‘ಬಂದಿದೆ’ ಎನ್ನುತ್ತಾರೆ, ಇನ್ನೊಬ್ಬರು ‘ಬಂದಿಲ್ಲ’ ಎನ್ನುತ್ತಾರೆ.

ಚಿಕ್ಕಪ್ಪನ ಮಟ್ಟಿಗೆ ‘ಶಾಶ್ವತ’ ಎಂದರೆ ಮಳೆಯನ್ನು ನೆಚ್ಚಿಕೊಳ್ಳದೆ ವರ್ಷವಿಡೀ ಬರುವುದು. “ಬೆಂಗಳೂರಿನವರು ಸ್ನಾನ ಮಾಡುವುದನ್ನು ಬಿಡುವವರೆಗೂ ಈ ನೀರು ನಿಲ್ಲುವುದಿಲ್ಲ, ಇದಕ್ಕಿಂತ ಶಾಶ್ವತ ಯಾವುದಪ್ಪಾ?” ಎಂಬುದು ಅವರ ವಾದ. ಆ ಹಿರಿಯರಿಗೆ ಮುಖ್ಯವಾದ ಪದ ‘ನೀರಾವರಿ’. ಮಂಡ್ಯದ ಕಡೆ ನಾಲೆಯಲ್ಲಿ ಬರುವ ಹಾಗೆ, ನದಿಯ ನೀರು, ಹಕ್ಕಿನ ನೀರು, ಗದ್ದೆಯ ಬದುವಿಗೆ ಬಂದು ನಿಲ್ಲಬೇಕು. ಮಿಕ್ಕದ್ದೆಲ್ಲ ಅವರ ಲೆಕ್ಕದಲ್ಲಿ ಕೆರೆಗೆ ಬಣ್ಣ ಹೊಡೆದಂತೆ. ನಾನು ನಡುವೆ ಬಾಯಿ ಹಾಕಿ, “ಮೊದಲು ಶಾಶ್ವತ ಎಂದರೆ ಏನು, ನೀರಾವರಿ ಎಂದರೆ ಏನು ಎಂದು ತೀರ್ಮಾನ ಮಾಡಿಕೊಳ್ಳಿ” ಎಂದೆ. ಅಲ್ಲಿಯವರೆಗೆ ಪರಸ್ಪರ ಕೂಗಾಡುತ್ತಿದ್ದ ಇಬ್ಬರೂ ನನ್ನ ಕಡೆ ತಿರುಗಿ, “ಅದಿರಲಿ, ನೀನು ಯಾವ ಕಡೆ?” ಎಂದು ಕೇಳಿದರು.

ನನ್ನ ಪ್ರಶ್ನೆ ಇದು. ರಾಜಕೀಯದ ಮಾತಿನಲ್ಲಿ ಪದಗಳ ಅರ್ಥವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಚರ್ಚೆಗಿಳಿಯುವುದು ಸಾಧ್ಯವೇ? ಸಾಧ್ಯವಾದರೆ ಅದರಿಂದ ಉಪಯೋಗವಾದದ್ದನ್ನು ಯಾರಾದರೂ ಕಂಡಿದ್ದೀರಾ? ಅಥವಾ ಅರ್ಥ ಕೇಳುವುದು ಕೂಡ ಒಂದು ಪಕ್ಷ ವಹಿಸಿದಂತೆಯೇ?


ಹಳೆಯ ಕಡತ, ಚಿಕ್ಕಬಳ್ಳಾಪುರ

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಿಮ್ಮ ಡೇರಿಯ ಮುಂದಿನ ಜಗಳವನ್ನು ಪದಗಳ ಗೊಂದಲವೆಂದು ಮಾತ್ರ ನೋಡಬೇಡಿ. ಕಡತದಲ್ಲಿ ಯಾವ ಪದ ಬರೆಯುತ್ತೇವೆ ಎಂಬುದರ ಮೇಲೆ ಕಾನೂನು, ಹಣ, ಅನುಮತಿ ಎಲ್ಲವೂ ನಿಂತಿರುತ್ತವೆ.

ಎತ್ತಿನಹೊಳೆಯನ್ನೇ ತೆಗೆದುಕೊಳ್ಳಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ವೇದಿಕೆ ಹತ್ತಿದವರು ಅದನ್ನು ಶಾಶ್ವತ ನೀರಾವರಿಯ ಹೋರಾಟದ ಫಲವೆಂದು ಹೇಳುವುದು ವಾಡಿಕೆ. ಕಡತದಲ್ಲಿ ಮಾತ್ರ ಅದು ಮೊದಲಿನಿಂದಲೂ ಕುಡಿಯುವ ನೀರಿನ ಯೋಜನೆ. ಸಕಲೇಶಪುರದ ಕಡೆಯ ಹಳ್ಳಗಳಿಂದ ಮಳೆಗಾಲದಲ್ಲಿ 24.01 ಟಿಎಂಸಿ ನೀರು ತಿರುಗಿಸುವುದು, ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದ ಸುಮಾರು 10 ಟಿಎಂಸಿ 527 ಕೆರೆಗಳನ್ನು ತುಂಬಿಸಿ ಅಂತರ್ಜಲ ಹೆಚ್ಚಿಸಲು ಎಂಬುದು ಅದರ ಲೆಕ್ಕ. ಹೆಸರಿನಲ್ಲಿ ಏನಿದೆ ಎನ್ನಬಹುದು. ಪರಿಸರ ಪರಿಣಾಮದ ಅಧ್ಯಯನಕ್ಕೆ ಸಂಬಂಧಿಸಿದ 2006ರ ಕೇಂದ್ರದ ಅಧಿಸೂಚನೆಯಲ್ಲಿ ನದಿ ಕಣಿವೆ ಯೋಜನೆಗಳನ್ನು ಎಷ್ಟು ಮೆಗಾವಾಟ್ ವಿದ್ಯುತ್, ಎಷ್ಟು ಹೆಕ್ಟೇರ್ ಅಚ್ಚುಕಟ್ಟು ಎಂಬ ಅಳತೆಯಿಂದ ಗುರುತಿಸಲಾಗಿದೆ. ಕುಡಿಯುವ ನೀರಿನ ಯೋಜನೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ‘ಕುಡಿಯುವ ನೀರು’ ಎಂದು ಬರೆದರೆ ಒಂದು ಹಾದಿ, ‘ನೀರಾವರಿ’ ಎಂದು ಬರೆದರೆ ಇನ್ನೊಂದು ಹಾದಿ. ಪಶ್ಚಿಮಘಟ್ಟದ ಪರವಾಗಿ ಹಸಿರು ನ್ಯಾಯಮಂಡಳಿಗೆ ಹೋದವರು ಎತ್ತಿದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು: ಕೆರೆ ತುಂಬಿಸುವುದು ಕುಡಿಯುವ ನೀರೋ, ನೀರಾವರಿಯೋ?

ಈಗ ನೀವೇ ಹೇಳಿ. ಕೆರೆ ತುಂಬುತ್ತದೆ, ನೀರು ಇಂಗುತ್ತದೆ, ಅರ್ಧ ಮೈಲಿ ದೂರದ ಕೊಳವೆಬಾವಿಯಲ್ಲಿ ಮಟ್ಟ ಏರುತ್ತದೆ, ಆ ಬಾವಿಯ ನೀರನ್ನು ಹನಿ ನೀರಾವರಿಯ ಪೈಪಿನಲ್ಲಿ ಟೊಮೆಟೊಗೆ ಬಿಡುತ್ತೇವೆ. ಇದು ನೀರಾವರಿಯಲ್ಲ ಎಂದು ಯಾವ ರೈತ ಒಪ್ಪುತ್ತಾನೆ? ಅದೇ ಬಾವಿಯಿಂದ ಊರ ಓವರ್‌ಹೆಡ್ ಟ್ಯಾಂಕಿಗೂ ನೀರು ಹೋಗುತ್ತದೆ. ಇದು ಕುಡಿಯುವ ನೀರಲ್ಲ ಎಂದು ಯಾವ ಅಧಿಕಾರಿ ಒಪ್ಪುತ್ತಾನೆ? ಭೂಮಿಯ ಒಳಗೆ ಆ ಗೆರೆ ಇಲ್ಲ, ಕಾಗದದ ಮೇಲೆ ಮಾತ್ರ ಇದೆ. ಆದರೆ ಕಾಗದದ ಮೇಲಿನ ಗೆರೆಯಿಂದ ಬೆಟ್ಟವನ್ನು ಅಗೆಯುವ ಅನುಮತಿ ಸಿಗುತ್ತದೆ ಅಥವಾ ನಿಲ್ಲುತ್ತದೆ.

‘ಬರ’ ಎಂಬುದು ಇನ್ನೊಂದು. ನಮ್ಮ ತಾಯಿಯ ಬಾಯಲ್ಲಿ ಬರ ಎಂದರೆ ರಾಗಿ ತೆನೆ ಕಟ್ಟದಿರುವುದು, ಅಷ್ಟೇ. 2016ರ ಕೇಂದ್ರ ಸರ್ಕಾರದ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಅದಕ್ಕೆ ಮೆಟ್ಟಿಲುಗಳಿವೆ. ಮೊದಲು ಮಳೆಯ ಕೊರತೆ ಮತ್ತು ಕೆಲವು ವಾರಗಳ ಒಣ ಅವಧಿ ಕಾಣಬೇಕು. ಆಮೇಲೆ ಬಿತ್ತನೆಯ ವಿಸ್ತೀರ್ಣ, ಉಪಗ್ರಹದಿಂದ ಕಾಣುವ ಹಸಿರು, ಮಣ್ಣಿನ ತೇವ, ಜಲಮೂಲಗಳ ಸ್ಥಿತಿ ಇವುಗಳನ್ನು ನೋಡಬೇಕು. ಕೊನೆಗೆ ಕೆಲವು ಗ್ರಾಮಗಳಿಗೆ ಹೋಗಿ ಬೆಳೆ ನೋಡಿ ಬರಬೇಕು. ಇಷ್ಟಾದ ಮೇಲೂ ‘ಸಾಧಾರಣ ಬರ’ ಎಂದು ಬಂದರೆ ರಾಷ್ಟ್ರೀಯ ವಿಪತ್ತು ಪರಿಹಾರ ನಿಧಿಯ ಬಾಗಿಲು ತೆರೆಯುವುದಿಲ್ಲ, ‘ತೀವ್ರ’ ಎಂದೇ ಬರಬೇಕು. 2023ರಲ್ಲಿ ರಾಜ್ಯವು ಮೊದಲು 195 ತಾಲ್ಲೂಕುಗಳನ್ನು ಘೋಷಿಸಿ, ಮುಂದೆ 236ರಲ್ಲಿ 223 ತಾಲ್ಲೂಕುಗಳವರೆಗೆ ಪಟ್ಟಿ ಬೆಳೆಸಿ, ಪರಿಹಾರದ ಹಣಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನೆನಪಿರಬಹುದು. ಆ ದಿನಗಳಲ್ಲಿ ಟಿ.ವಿ.ಯಲ್ಲಿ ಒಬ್ಬರು ‘ಬರ ಇದೆ’ ಎನ್ನುವಾಗ ಹೊಲದ ಬಿರುಕನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ, ಇನ್ನೊಬ್ಬರು ‘ಎಲ್ಲಿದೆ’ ಎನ್ನುವಾಗ ಕೈಪಿಡಿಯ ಕೋಷ್ಟಕವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಅರ್ಥ ಕೇಳಿ, ಆದರೆ ‘ನಿಮ್ಮ ಅರ್ಥವೇನು’ ಎಂದು ಕೇಳುವುದರ ಬದಲು ‘ಆದೇಶದಲ್ಲಿ ಏನೆಂದು ಬರೆದಿದೆ’ ಎಂದು ಕೇಳಿ. ಆಗ ನೀವು ಯಾವ ಕಡೆ ಎಂಬ ಪ್ರಶ್ನೆ ಹುಟ್ಟುವುದಿಲ್ಲ.


ಪ್ರಯೋಗಶಾಲೆ, ಮಾಲೂರು

ಹಳೆಯ ಕಡತ ಅವರ ಮಾತಿಗೆ ಒಂದು ತಿದ್ದುಪಡಿ. ಆದೇಶದಲ್ಲಿ ಬರೆದ ಪದವೇ ಜನರ ಬಾಯಲ್ಲಿ ಬೇರೆ ಅರ್ಥ ಪಡೆದಾಗ ಆದೇಶ ತೋರಿಸಿ ಪ್ರಯೋಜನವಿಲ್ಲ. ನಾನು ರಸಾಯನಶಾಸ್ತ್ರ ಕಲಿಸುವವಳು. ಕೆ.ಸಿ. ವ್ಯಾಲಿಯ ನೀರು ‘ಶುದ್ಧೀಕರಿಸಿದ ನೀರು’ ಎಂಬ ಮಾತಿನ ಮೇಲೆ ನಮ್ಮ ಶಿಕ್ಷಕರ ಕೊಠಡಿಯಲ್ಲಿಯೇ ಎಷ್ಟು ಸಲ ವಾಗ್ವಾದವಾಗಿದೆಯೋ ಲೆಕ್ಕವಿಲ್ಲ.

ನಮ್ಮ ಶಾಸ್ತ್ರದಲ್ಲಿ ಶುದ್ಧೀಕರಣ ಒಂದು ಪ್ರಕ್ರಿಯೆಯ ಹೆಸರು. ಮೊದಲ ಹಂತದಲ್ಲಿ ಗಸಿಯನ್ನು ಕೂರಿಸುತ್ತಾರೆ. ಎರಡನೆಯ ಹಂತದಲ್ಲಿ ಗಾಳಿಯೂದಿ, ಸೂಕ್ಷ್ಮಜೀವಿಗಳಿಂದ ಕೊಳೆಯುವ ಪದಾರ್ಥವನ್ನು ತಿನ್ನಿಸುತ್ತಾರೆ. ಮೂರನೆಯ ಹಂತದಲ್ಲಿ ಸಾರಜನಕ, ರಂಜಕ, ಉಳಿದ ರೋಗಾಣು ಮುಂತಾದವನ್ನು ಸೋಸಿ ತೆಗೆಯುತ್ತಾರೆ. ಕೋಲಾರದ ಕೆರೆಗಳಿಗೆ ಬಿಟ್ಟದ್ದು ಎರಡನೆಯ ಹಂತ ದಾಟಿದ ನೀರು. ಮೂರನೆಯದೂ ಆಗಬೇಕೆಂಬುದು ಹೋರಾಟಗಾರರ ಬೇಡಿಕೆ. ಹೀಗಿರುವಾಗ ಎಂಜಿನಿಯರು ‘ಶುದ್ಧೀಕರಿಸಿದ್ದೇವೆ’ ಎಂದರೆ ಅದು ಸತ್ಯ. ಕೇಳುವ ರೈತನ ಕಿವಿಗೆ ಮಾತ್ರ ‘ಶುದ್ಧ’ ಎಂಬ ಮೊದಲೆರಡು ಅಕ್ಷರವೇ ಬೀಳುತ್ತದೆ, ಆ ಪದಕ್ಕೆ ನಮ್ಮಲ್ಲಿ ಮಡಿ, ಗಂಗೆ, ತೀರ್ಥ ಎಲ್ಲವೂ ಅಂಟಿಕೊಂಡಿವೆ. 2018ರ ಜುಲೈನಲ್ಲಿ ನೊರೆ ಎದ್ದ ಚಿತ್ರಗಳು ಹರಿದಾಡಿ, ಹೈಕೋರ್ಟು ನೀರು ಹರಿಸುವುದಕ್ಕೆ ತಡೆ ಕೊಟ್ಟು, ಮುಂದೆ ಅದೇ ವರ್ಷ ತಡೆ ತೆರವಾಯಿತಲ್ಲ, ಆ ತಿಂಗಳುಗಳಲ್ಲಿ ಎರಡೂ ಕಡೆಯವರು ಪರಸ್ಪರ ಸುಳ್ಳುಗಾರರೆಂದು ಕರೆದುಕೊಂಡದ್ದಕ್ಕೆ ಅರ್ಧ ಕಾರಣ ಈ ಒಂದು ಪದ ಎಂದು ನನಗನಿಸುತ್ತದೆ. ಉಳಿದರ್ಧ ನಿಜವಾದ ನೊರೆ; ಅದನ್ನು ಮರೆಯಬಾರದು.

ಇದರ ತಿರುಗುಮುರುಗು ಉದಾಹರಣೆಯೂ ನಮ್ಮಲ್ಲಿಯೇ ಇದೆ. ಸಾವಿರದೈನೂರು ಅಡಿ ಆಳದ ಕೊಳವೆಬಾವಿಯ ನೀರು ಕಣ್ಣಿಗೆ ಗಾಜಿನಂತೆ ತಿಳಿಯಾಗಿರುತ್ತದೆ, ಊರವರು ಅದನ್ನು ಶುದ್ಧ ಎನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನಮ್ಮ ಭಾಗದ ಎಷ್ಟೋ ಬಾವಿಗಳು ಆ ಮಿತಿಯನ್ನು ದಾಟುತ್ತವೆ. ಕೊಳಚೆ ಎಂದು ಮೂಗು ಮುಚ್ಚಿಕೊಂಡ ನೀರನ್ನು ಯಾರೂ ಕುಡಿಯಲಿಲ್ಲ. ಶುದ್ಧ ಎಂದು ನಂಬಿದ ನೀರನ್ನು ಕುಡಿದು ಹಲ್ಲು ಕಂದಿಸಿಕೊಂಡೆವು.

ಆದ್ದರಿಂದ ನಾನು ಮಕ್ಕಳಿಗೆ ‘ಶುದ್ಧವೇ?’ ಎಂದು ಕೇಳಬೇಡಿ, ‘ಯಾವುದಕ್ಕೆ ಯೋಗ್ಯ?’ ಎಂದು ಕೇಳಿ ಎನ್ನುತ್ತೇನೆ. ಬೆಳೆಗೋ, ದನಕ್ಕೋ, ಮನುಷ್ಯರಿಗೋ, ಇಂಗಿಸಲಿಕ್ಕೋ? ಪ್ರಶ್ನೆಯನ್ನು ಹೀಗೆ ಬದಲಿಸಿದರೆ ಅರ್ಥದ ಜಗಳ ಅಳತೆಯ ಜಗಳವಾಗುತ್ತದೆ, ಅಳತೆಯ ಜಗಳಕ್ಕೆ ಕೊನೆಯಾದರೂ ಇದೆ.


ನೇರಮಾತು, ಬಾಗೇಪಲ್ಲಿ

ಮೇಲಿನ ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದೀರಿ, ಆದರೆ ಇದೆಲ್ಲ ಓದುಬರಹ ಬಲ್ಲವರ ಆಟ. ಅರ್ಥ ಕೇಳುವವನು ಯಾವಾಗಲೂ ಅರ್ಥ ಹೇಳಬಲ್ಲವನೇ ಆಗಿರುತ್ತಾನೆ. ನಮ್ಮ ಊರಿನಲ್ಲಿ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಕಲಸಿದ ಮಾತು, ಅರ್ಜಿ ಮಾತ್ರ ಕನ್ನಡದಲ್ಲಿ. ಅಂಥವನ ಎದುರು ‘ಮೊದಲು ವ್ಯಾಖ್ಯೆ ಕೊಡಿ’ ಎಂದರೆ ಅವನು ಬಾಯಿ ಮುಚ್ಚುತ್ತಾನೆ, ಒಪ್ಪಿಗೆಯಿಂದಲ್ಲ, ಸಂಕೋಚದಿಂದ. ಗ್ರಾಮಸಭೆಯಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ನೀರು ಬೇಕು ಎಂದು ಎದ್ದು ನಿಂತ ಹೆಂಗಸಿಗೆ ‘ಅಮ್ಮಾ, ತಾವು ಕೇಳುತ್ತಿರುವುದು ಬಹುಗ್ರಾಮ ಯೋಜನೆಯೋ, ಏಕಗ್ರಾಮ ಯೋಜನೆಯೋ?’ ಎಂದು ಕೇಳಿದರು. ಆಕೆ ಕುಳಿತುಬಿಟ್ಟಳು. ಅರ್ಥ ಸ್ಪಷ್ಟವಾಯಿತು, ನೀರು ಬರಲಿಲ್ಲ.


ಬಿಸಿಲು ಸೀಮೆಯವಳು, ಪಾವಗಡ

ನೇರಮಾತು ಅವರ ಸಿಟ್ಟನ್ನು ನಾನು ಒಪ್ಪುತ್ತೇನೆ, ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ಓದುಬರಹ ಬಲ್ಲವರ ಆಟ ಎಂದು ಬಿಟ್ಟುಬಿಟ್ಟರೆ ಆ ಆಟವನ್ನು ಅವರೇ ಆಡಿ ಮುಗಿಸುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಆದದ್ದನ್ನು ಹೇಳುತ್ತೇನೆ.

ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಇದೆ. ಅಲ್ಲಿ ಸರ್ಕಾರವು ರೈತರಿಂದ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ, ಕಾಲಕಾಲಕ್ಕೆ ಏರಿಸುವ ಷರತ್ತಿನ ಮೇಲೆ ಗುತ್ತಿಗೆಗೆ ಪಡೆಯಿತು. ಮಳೆ ಕಾಣದೆ ಕಡಲೆಕಾಯಿ ಒಣಗಿಸಿಕೊಂಡು ಕುಳಿತಿದ್ದ ಎಷ್ಟೋ ಮನೆಗಳಿಗೆ ಇದು ನಿಜವಾಗಿ ಒಳ್ಳೆಯದನ್ನೇ ಮಾಡಿತು. ಈ ಮಾದರಿಯನ್ನು ಹೊಗಳುವವರು ಸುಮ್ಮನೆ ಹೊಗಳುತ್ತಿಲ್ಲ.

ಆದರೆ ‘ಸ್ವಾಧೀನ’ ಎಂಬ ಪದದ ಜಾಗದಲ್ಲಿ ‘ಗುತ್ತಿಗೆ’ ಎಂಬ ಪದ ಬಂದಾಗ ಇನ್ನೊಂದು ಪದ ಸದ್ದಿಲ್ಲದೆ ಕಳಚಿಬಿತ್ತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಎಂದರೆ ಭೂಮಿ ಇದ್ದವರು ಮಾತ್ರವಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ಭೂಮಿಯ ಮೇಲಿನ ದುಡಿಮೆಯನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿದ್ದ ಕೂಲಿಯವರು, ಗೇಣಿದಾರರು, ಬೆಳೆಯ ಪಾಲಿಗೆ (ವಾರಕ್ಕೆ) ಮಾಡುವವರು, ಕಸುಬುದಾರರು ಕೂಡ ಅದರೊಳಗೆ ಬರುತ್ತಾರೆ. ಸ್ವಾಧೀನವೇ ಆಗದಿದ್ದಲ್ಲಿ ಆ ಕಾಯ್ದೆಯ ಮಾತೇ ಬರುವುದಿಲ್ಲ. ಪಹಣಿಯಲ್ಲಿ ಹೆಸರಿದ್ದವರಿಗೆ ಗುತ್ತಿಗೆ ಹಣ ಬಂತು. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ‘ಬಾಧಿತೆ’ಯೂ ಆಗಲಿಲ್ಲ, ‘ಫಲಾನುಭವಿ’ಯೂ ಆಗಲಿಲ್ಲ. ಕುರಿ ಮೇಯಿಸುತ್ತಿದ್ದವರಿಗೆ ಬೇಲಿಯ ಆಚೆ ದಾರಿ ಇಲ್ಲವಾಯಿತು.

ನಮ್ಮ ಮನೆಯಲ್ಲಿ ಇದರ ಮೇಲೆ ಮಾತು ಬಂದಾಗ ನಮ್ಮ ಮಾವನವರು “ಯಾರಿಗೂ ತೊಂದರೆಯಾಗಿಲ್ಲ” ಎನ್ನುತ್ತಾರೆ, ನಾನು “ಆಗಿದೆ” ಎನ್ನುತ್ತೇನೆ. ಬಹಳ ದಿನ ನಾವಿಬ್ಬರೂ ‘ತೊಂದರೆ’ ಎಂಬುದರ ಮೇಲೆ ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದೆ. ನಿಧಾನವಾಗಿ ತಿಳಿದದ್ದೇನೆಂದರೆ ಜಗಳ ಇದ್ದದ್ದು ‘ಯಾರಿಗೂ’ ಎಂಬ ಪದದ ಮೇಲೆ. ಅವರ ‘ಯಾರೂ’ ಎಂದರೆ ಜಮೀನಿದ್ದವರು. ಅವರು ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ‘ಊರು’ ಎಂದರೆ ಅವರ ಕಣ್ಣಿಗೆ ಕಾಣುತ್ತಿದ್ದುದು ಅಷ್ಟು ಮನೆಗಳೇ. ಇಂಥ ಪದಗಳನ್ನು ಆದೇಶ ತೆರೆದು ತಿದ್ದಲಾಗದು, ಅಳತೆಪಟ್ಟಿ ಇಟ್ಟೂ ತಿದ್ದಲಾಗದು. ಯಾಕೆಂದರೆ ಅದು ಕಷ್ಟದ ಪದವೆಂದು ಯಾರಿಗೂ ಅನ್ನಿಸುವುದೇ ಇಲ್ಲ. ‘ಜಾತ್ಯತೀತ’, ‘ಸಮಾಜವಾದ’ ಎಂಬ ದೊಡ್ಡ ಪದಗಳಿಗೆ ಅರ್ಥ ಕೇಳುತ್ತೇವೆ. ‘ಜನ’, ‘ಊರು’, ‘ನಾವು’ ಎಂಬವುಗಳಿಗೆ ಕೇಳುವುದಿಲ್ಲ.


ಹಿಪ್ಪುನೇರಳೆ, ಶಿಡ್ಲಘಟ್ಟ

ತಡವಾಗಿ ಬರೆಯುತ್ತಿದ್ದೇನೆ, ರೇಷ್ಮೆ ಹುಳು ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದಿದ್ದರಿಂದ ಸೊಪ್ಪು ಹಾಕುವುದರಲ್ಲಿಯೇ ಹೊತ್ತು ಹೋಯಿತು. ಪಾವಗಡದ ಅಕ್ಕನವರ ಮಾತಿಗೆ ನನ್ನದೊಂದು ಸಾಕ್ಷಿ. ನಾನು ಬೇರೆಯವರ ಎರಡು ಎಕರೆಯಲ್ಲಿ ಗುತ್ತಿಗೆಗೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವವನು. 2007ರ ರಾಷ್ಟ್ರೀಯ ರೈತ ನೀತಿಯನ್ನು ನೋಡಿದರೆ ನಾನು ರೈತ. ಅದರಲ್ಲಿ ಗೇಣಿದಾರ, ಕೂಲಿ, ರೇಷ್ಮೆ ಸಾಕುವವ ಎಲ್ಲರೂ ಇದ್ದಾರೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ-ಕಿಸಾನ್ ಯೋಜನೆಯನ್ನು ನೋಡಿದರೆ ನಾನು ರೈತನಲ್ಲ. ಅಲ್ಲಿ ಹೆಸರಿನಲ್ಲಿ ಜಮೀನು ಬೇಕು. ಆ ಹಣ ನನ್ನ ಜಮೀನಿನ ಮಾಲೀಕರಿಗೆ ಬರುತ್ತದೆ. ಅವರು ಒಳ್ಳೆಯವರು, ಬೆಂಗಳೂರಿನಲ್ಲಿ ಇದ್ದಾರೆ, ಸೊಪ್ಪು ಕೊಯ್ದು ಎಷ್ಟೋ ವರ್ಷವಾಯಿತು. ‘ರೈತರಿಗೆ ಸರ್ಕಾರ ಏನು ಮಾಡಿದೆ’ ಎಂಬ ಚರ್ಚೆಯಲ್ಲಿ ನಾವಿಬ್ಬರೂ ಒಂದೇ ಪದದ ಒಳಗೆ ಕುಳಿತು ಮಾತನಾಡುತ್ತೇವೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಇಲ್ಲಿಯವರೆಗೆ ಬಂದ ಉದಾಹರಣೆಗಳಲ್ಲಿ ಪದಕ್ಕೆ ಎರಡು ಅರ್ಥವಿತ್ತು, ಎರಡನ್ನೂ ಬಿಡಿಸಿ ಇಡಬಹುದಿತ್ತು. ಕೆಲವು ಪದಗಳಿಗೆ ಅರ್ಥ ಒಂದೇ, ಆದರೆ ಒಳಗೆ ಬೈಗುಳವನ್ನೋ ಹೊಗಳಿಕೆಯನ್ನೋ ಇಟ್ಟುಕೊಂಡೇ ಹುಟ್ಟಿರುತ್ತವೆ. ‘ಬಿಟ್ಟಿ’ ಅಂಥದ್ದು. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ, ಬಸ್ಸಿನ ಶಕ್ತಿ ಯೋಜನೆ, 200 ಯೂನಿಟ್ಟಿನವರೆಗಿನ ಕರೆಂಟು ಬಂದಾಗ ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ನಡೆಯುತ್ತಿದ್ದ ಚರ್ಚೆಯೆಲ್ಲ ಅದೇ. ಒಬ್ಬರು ‘ಬಿಟ್ಟಿ ಭಾಗ್ಯ’ ಎಂದರೆ, ಇನ್ನೊಬ್ಬರು ‘ಗ್ಯಾರಂಟಿ’ ಎನ್ನುತ್ತಿದ್ದರು. ಪದ ಆರಿಸಿಕೊಂಡ ಕ್ಷಣದಲ್ಲಿಯೇ ತೀರ್ಪು ಹೊರಬಿದ್ದಿರುತ್ತಿತ್ತು, ಆಮೇಲೆ ವಾದಿಸಲು ಉಳಿಯುತ್ತಿದ್ದುದೇನು?

ತಮಾಷೆಯೆಂದರೆ, ಬಿಟ್ಟಿ ಎಂದು ಹೆಚ್ಚು ಕೂಗುತ್ತಿದ್ದ ನಮ್ಮ ಪರಿಚಯದ ಯಜಮಾನರೊಬ್ಬರ ಕೊಳವೆಬಾವಿಯ ಮೋಟಾರು 10 ಎಚ್‌.ಪಿ.ಯ ಒಳಗಿನದು. ಆ ಮಿತಿಯೊಳಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟಿಗೆ ಬಿಲ್ಲಿಲ್ಲ. ನಾನು ಅದನ್ನು ನೆನಪಿಸಿದೆ. “ಅದು ಸಬ್ಸಿಡಿ ಕಣಯ್ಯ” ಎಂದರು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರವು ದೇಶೀಯ ಕಂಪನಿಗಳ ಮೂಲ ತೆರಿಗೆಯನ್ನು, ಬೇರೆ ವಿನಾಯಿತಿ ಬಿಟ್ಟುಕೊಡುವವರಿಗೆ, 22 ಪ್ರತಿಶತಕ್ಕೆ ಇಳಿಸಿದ್ದನ್ನು ಪತ್ರಿಕೆಗಳು ‘ಉತ್ತೇಜನ’ ಎಂದು ಬರೆದವು. ಬೊಕ್ಕಸದಿಂದ ಹೊರಗೆ ಹೋಗುವ ಹಣಕ್ಕೆ ಬಡವರ ಮನೆಗೆ ಹೋದರೆ ಬಿಟ್ಟಿ, ಹೊಲಕ್ಕೆ ಹೋದರೆ ಸಬ್ಸಿಡಿ, ಕಾರ್ಖಾನೆಗೆ ಹೋದರೆ ಉತ್ತೇಜನ ಎಂದು ಮೂರು ಹೆಸರು. ಮೂರೂ ಒಂದೇ ಎಂದು ನಾನು ಹೇಳುತ್ತಿಲ್ಲ, ವ್ಯತ್ಯಾಸಗಳಿರಬಹುದು. ಆದರೆ ಆ ವ್ಯತ್ಯಾಸವನ್ನು ವಾದಿಸಿ ತೋರಿಸುವ ಕೆಲಸವನ್ನು ಪದವೇ ಮಾಡಿ ಮುಗಿಸಿಬಿಟ್ಟರೆ ಮನುಷ್ಯರಿಗೆ ಕೆಲಸವಿರುವುದಿಲ್ಲ. ನ್ಯಾಯಾಲಯಗಳಿಗೂ ಇದು ಸುಲಭವಾಗಿಲ್ಲ: ತಮಿಳುನಾಡಿನ ಉಚಿತ ಟಿ.ವಿ. ಪ್ರಕರಣದಲ್ಲಿ, ಪ್ರಣಾಳಿಕೆಯ ಭರವಸೆಯು ಕಾನೂನಿನ ಕಣ್ಣಿನಲ್ಲಿ ‘ಭ್ರಷ್ಟ ಆಚರಣೆ’ ಆಗುವುದಿಲ್ಲ ಎಂದು 2013ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2022ರಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ನೋಡಲೆಂದು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು.

ಬಡವ ಯಾರು ಎಂಬುದಕ್ಕೂ ಇದೇ ಗತಿ. 2011–12ನೆಯ ಸಾಲಿಗೆ ತೆಂಡೂಲ್ಕರ್ ಸಮಿತಿಯ ಗೆರೆ ಹಾಕಿದರೆ ದೇಶದಲ್ಲಿ ಬಡವರು ಸುಮಾರು 27 ಕೋಟಿ, ರಂಗರಾಜನ್ ಸಮಿತಿಯ ಗೆರೆ ಹಾಕಿದರೆ ಸುಮಾರು 36 ಕೋಟಿ. ಗೆರೆ ಸರಿದಾಡಿದ್ದಕ್ಕೆ ಒಂಬತ್ತು ಕೋಟಿ ಜನ ಬಡವರಾದರು ಅಥವಾ ಬಡತನದಿಂದ ಪಾರಾದರು. ಅವರ ಅಡುಗೆಮನೆಯಲ್ಲಿ ಏನೂ ಬದಲಾಗಿರಲಿಲ್ಲ.

ಅಕ್ಕನವರು ‘ಜಾತ್ಯತೀತ’ದ ಹೆಸರೆತ್ತಿದ್ದರಿಂದ ಒಂದು ಮಾತು. ಸಂವಿಧಾನದ ಪ್ರಸ್ತಾವನೆಗೆ 1976ರ 42ನೆಯ ತಿದ್ದುಪಡಿಯಲ್ಲಿ ಸೇರಿದ ‘ಸೆಕ್ಯುಲರ್’ ಎಂಬುದಕ್ಕೆ ಹಿಂದಿಯ ಅಧಿಕೃತ ಪಠ್ಯದಲ್ಲಿ ‘ಪಂಥನಿರಪೇಕ್ಷ’ ಎಂದಿದೆ. ನಮ್ಮ ಕನ್ನಡದಲ್ಲಿ ಪತ್ರಿಕೆಗಳೂ ಪಕ್ಷಗಳೂ ಬಳಸಿ ನಿಲ್ಲಿಸಿರುವ ಪದ ‘ಜಾತ್ಯತೀತ’, ಅಂದರೆ ಜಾತಿಯನ್ನು ಮೀರಿದ್ದು. ಧರ್ಮದ ಮಾತಿಗೆ ಜಾತಿಯ ಮಾತು ಬಂದು ಕೂತಿದೆ. ನಮ್ಮ ಕಡೆ ಹಳಬರು ಧರ್ಮವನ್ನೂ ‘ಯಾವ ಜಾತಿ’ ಎಂದೇ ಕೇಳುವುದರಿಂದ ಇದು ಯಾರಿಗೂ ಕಿರಿಕಿರಿಯಾಗಿರಲಿಕ್ಕಿಲ್ಲ. ಆದರೆ ಚುನಾವಣೆ ಬಂದಾಗ ‘ಅವರೇನು ಜಾತ್ಯತೀತರು, ಟಿಕೆಟ್ ಕೊಟ್ಟಿರುವುದೇ ಜಾತಿ ನೋಡಿ’ ಎಂಬ ಟೀಕೆ ಕನ್ನಡದಲ್ಲಿ ಮಾತ್ರ ಅಷ್ಟು ಸಲೀಸಾಗಿ ಹುಟ್ಟುತ್ತದೆ. ಹಿಂದಿಯ ಪದ ಇಟ್ಟುಕೊಂಡು ಆ ಟೀಕೆ ಮಾಡಲು ಬರುವುದಿಲ್ಲ. ಇದನ್ನು ಅನುವಾದದ ದೋಷ ಎನ್ನುವವರಿದ್ದಾರೆ. ನನಗೆ ಅದು ಲಾಭದಂತೆಯೂ ಕಾಣುತ್ತದೆ. ತಿಳಿಯದೆಯೇ ಒಂದು ಹೆಚ್ಚಿನ ಹೊಣೆಯನ್ನು ನಮ್ಮ ಪದ ಹೊತ್ತುಕೊಂಡಿದೆ.


ಕೋಡಿಕಲ್ಲು, ಕೋಲಾರ ತಾಲ್ಲೂಕು

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಹಳೆಯ ಕಡತ ಅವರ ಸಲಹೆಯನ್ನು ಮೊದಲು ಪ್ರಯತ್ನಿಸಿದೆ. ಎತ್ತಿನಹೊಳೆ ಕಾಗದದಲ್ಲಿ ಕುಡಿಯುವ ನೀರಿನ ಯೋಜನೆ ಎಂದು ಚಿಕ್ಕಪ್ಪನಿಗೆ ಹೇಳಿದಾಗ, “ಹಾಗಾದರೆ ಇಷ್ಟು ವರ್ಷ ನೀರಾವರಿ ಎಂದು ಭಾಷಣ ಮಾಡಿದವರನ್ನು ಹೋಗಿ ಕೇಳು” ಎಂದು ಎದ್ದುಹೋದರು. ಅದರಲ್ಲಿ ನ್ಯಾಯವಿತ್ತು.

ಆಮೇಲೆ ಮಾಲೂರಿನ ಮೇಡಂ ಹೇಳಿದಂತೆ ಪ್ರಶ್ನೆಯನ್ನೇ ಬದಲಿಸಿ ನೋಡಿದೆ. ನಿನ್ನೆ ಸಂಜೆ ಇಬ್ಬರೂ ಡೇರಿಯ ಹತ್ತಿರ ಸಿಕ್ಕಾಗ ‘ಶಾಶ್ವತ ನೀರಾವರಿ’ ಎಂಬ ಪದವನ್ನೇ ಎತ್ತದೆ, ಈ ವರ್ಷ ನಮ್ಮ ಕೆರೆಯ ನೀರಿನಿಂದ ಯಾರಿಗೆ ಏನು ಸಿಕ್ಕಿತು ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ತಿಳಿದುಬಂದ ಸಂಗತಿ ಇಷ್ಟು: ಚಿಕ್ಕಪ್ಪನ ಜಮೀನು ಕೆರೆಯ ಪಕ್ಕದಲ್ಲಿದೆ, ಅವರ ಎರಡು ಕೊಳವೆಬಾವಿಗಳಲ್ಲಿ ನೀರು ಹೆಚ್ಚಿದೆ. ಆ ಹಿರಿಯರದು ಅಚ್ಚುಕಟ್ಟಿನ ಕೊನೆಯಲ್ಲಿರುವ ಒಂದೂಕಾಲು ಎಕರೆ; ತೂಬಿನ ನೀರಿನಲ್ಲಿ ಅವರಪ್ಪ ಬತ್ತ ಬೆಳೆಯುತ್ತಿದ್ದರು, ಕೊಳವೆಬಾವಿ ಕೊರೆಸಲು ಅವರಿಗೆ ಎಂದೂ ಹಣ ಕೂಡಿಬರಲಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಕೆರೆ ತುಂಬಿದರೆ ಇಬ್ಬರಿಗೂ ನೀರು ಸಿಗುತ್ತಿತ್ತು, ಈಗಿನದರಲ್ಲಿ ಬಾವಿ ಇದ್ದವರಿಗೆ ಮಾತ್ರ ಸಿಗುತ್ತದೆ. ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ ನಾನು ಇದನ್ನು ಗಮನಿಸಿರಲಿಲ್ಲ. ಪಾವಗಡದವರು ‘ಯಾರಿಗೂ’ ಎಂಬ ಪದದ ಬಗ್ಗೆ ಬರೆದದ್ದನ್ನು ಓದಿರದಿದ್ದರೆ ನಿನ್ನೆಯೂ ಗಮನಿಸುತ್ತಿರಲಿಲ್ಲವೇನೋ.

ಇದರಿಂದ ಜಗಳವೇನೂ ಮುಗಿಯಲಿಲ್ಲ. ತೂಬು ತೆಗೆಯಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ ಎಂದು ಹಿರಿಯರು, ತೆಗೆದರೆ ಬಾವಿಗಳೆಲ್ಲ ಮತ್ತೆ ಒಣಗುತ್ತವೆ, ನಾನು ಅಡ್ಡ ನಿಲ್ಲುತ್ತೇನೆ ಎಂದು ಚಿಕ್ಕಪ್ಪ. ನೀನು ಯಾವ ಕಡೆ ಎಂದು ಮತ್ತೆ ಕೇಳಿದರು. ಈ ಸಲ ಅದು ಉತ್ತರಿಸಬೇಕಾದ ಪ್ರಶ್ನೆ ಎಂದು ನನಗೂ ಅನ್ನಿಸಿತು, ಆದರೆ ಇನ್ನೂ ಉತ್ತರ ಹೇಳಿಲ್ಲ.